ವಾಷಿಂಗ್ಟನ್ನನ ಗದ್ದೆ ನೆಟ್ಟವರು ಯಾರು?

ಡಬ್, ಡಬ್, ಡಬಡಬಡಬ.

ಆಷಾಢದ ಬೆಳಗಿನಲ್ಲಿ ಈ ಸದ್ದು ಕೇಳಿತೆಂದರೆ ನೇರಳೆಕೊಪ್ಪದ ಹತ್ತೊಂಬತ್ತು ಮನೆಗಳಲ್ಲೂ ಗಂಜಿಯ ಬಟ್ಟಲು ಬೇಗ ಬೇಗ ಖಾಲಿಯಾಗುತ್ತಿತ್ತು. ಸಾಗರದಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಎರಡು ಮೈಲಿ ಕಾಡುದಾರಿ ನಡೆದರೆ ಸಿಗುವ ಊರು ಅದು. ಸದ್ದು ಬರುತ್ತಿದ್ದುದು ಹುಲಿಯಮ್ಮನ ಮನೆಯ ಹಿಂದಿನ ಮಾವಿನ ಮರದಿಂದ. ಮರದ ಕೊಂಬೆಗೆ ಒಂದು ತಗಡಿನ ಡಬ್ಬ ತೂಗುಬಿಟ್ಟಿತ್ತು. ಡಬ್ಬ ಅಮೆರಿಕದ್ದು. ಶಾಲೆಯ ಮಕ್ಕಳಿಗೆಂದು ಬಂದ ಹಾಲಿನ ಪುಡಿ ಮುಗಿದ ಮೇಲೆ ಮೇಷ್ಟ್ರು ಅದನ್ನು ಹುಲಿಯಮ್ಮನಿಗೆ ಕೊಟ್ಟಿದ್ದರು. ಅದರ ಹೊಟ್ಟೆಯ ಮೇಲೊಂದು ಚಿತ್ರ: ಎರಡು ಕೈಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿವೆ.

ಆ ಚಿತ್ರ ನೋಡಿದ ದಿನವೇ ಹುಲಿಯಮ್ಮ ತೀರ್ಪು ಕೊಟ್ಟಿದ್ದಳು. "ನೋಡ್ರೇ, ಆ ದೇಶದಾಗೂ ಮುಯ್ಯಾಳು ಐತೆ. ನಾ ನಿನ್ನ ಗದ್ದೆಗೆ ಬತ್ತೀನಿ, ನೀ ನನ್ನ ಗದ್ದೆಗೆ ಬಾ. ಅದಲ್ದೇ ಹೋದ್ರೆ ಹಿಂಗೆ ಕೈ ಎಂತಕ್ಕೆ ಬರೀತಾರೆ?"

ಯಾರಿಗೂ ಅದು ತಪ್ಪೆಂದು ಅನ್ನಿಸಲಿಲ್ಲ. ನೇರಳೆಕೊಪ್ಪದವರಿಗೆ ಎರಡು ಕೈ ಕೂಡಿದರೆ ಮುಯ್ಯಾಳೇ. ಕೂಲಿಯಿಲ್ಲ, ಲೆಕ್ಕದ ಪುಸ್ತಕವಿಲ್ಲ. ಇವತ್ತು ಊರೆಲ್ಲ ಸೇರಿ ನಿನ್ನ ಗದ್ದೆಗೆ ಸಸಿ ನೆಟ್ಟರೆ ನಾಳೆ ಊರೆಲ್ಲ ಸೇರಿ ನನ್ನದಕ್ಕೆ. ಉಳಿಯುವುದು ಒಂದೇ ಪ್ರಶ್ನೆ, ಮೊದಲು ಯಾರದ್ದು? ಮಡಿಯಲ್ಲಿ ಬೆಳೆದ ಸಸಿ ತಡೆದು ಕೂರುವುದಿಲ್ಲ. ಹೊತ್ತು ಮೀರಿದರೆ ಬುಡದಲ್ಲಿ ಗಂಟು ಕಟ್ಟುತ್ತದೆ. ಅಂಥ ಸಸಿಯನ್ನು ನೆಟ್ಟರೆ ತೆಂಡೆ ಒಡೆಯುವುದಿಲ್ಲ, ಒಂದು ಒಂಟಿ ಕಡ್ಡಿಯಾಗಿ ನಿಂತುಬಿಡುತ್ತದೆ. ಸರದಿ ಹೇಳುವ ಕೆಲಸ ಅದಕ್ಕೇ ದೊಡ್ಡದು. ಆ ಕೆಲಸ ಹುಲಿಯಮ್ಮನದು.

ಅವಳ ಹತ್ತಿರ ಅಂಗೈಯಗಲದ ಒಂದು ಬೆತ್ತದ ಬುಟ್ಟಿ ಇತ್ತು. ಅದರೊಳಗೆ ಹತ್ತೊಂಬತ್ತು ಮನೆಗೆ ಹತ್ತೊಂಬತ್ತು ಬೀಜ. ಗುಲಗಂಜಿ ಒಂದು ಮನೆಯದು, ಹುಣಸೆಬೀಜ ಇನ್ನೊಂದರದು, ಬೂದಿ ಬಣ್ಣದ ಗಜ್ಜುಗ ಹೊಳೆಸಾಲಿನ ಮಾಸ್ತಪ್ಪನ ಮನೆಯದು. ಎಷ್ಟೋ ತಲೆಮಾರಿನ ಬೆರಳಾಡಿ ಎಲ್ಲವೂ ನುಣುಪಾಗಿದ್ದವು. ಮಳೆ ಹಿಡಿದ ಮೇಲೆ ಹುಲಿಯಮ್ಮ ಒಬ್ಬಳೇ ಎಲ್ಲರ ಸಸಿಮಡಿ ನೋಡಿ ಬರುವಳು, ನೀರು ನೋಡುವಳು, ಹೋದ ವರ್ಷ ಕಡೆಗೆ ಉಳಿದವರು ಯಾರೆಂದು ನೆನೆಯುವಳು. ಆಮೇಲೆ ಮೊರದ ಮೇಲೆ ಬೀಜಗಳನ್ನು ಸಾಲಾಗಿ ಇಡುವಳು. ಬೆಳಗಾಗುತ್ತಲೇ ಡಬ್ಬ ಬಡಿದು, ಸಾಲಿನ ಮೊದಲ ಬೀಜವನ್ನು ಎತ್ತಿ ಹಿಡಿದರೆ ಮುಗಿಯಿತು, ಅವತ್ತು ಆ ಮನೆಯ ಗದ್ದೆ. ಎದುರು ಮಾತಿಲ್ಲ.

ಬುಟ್ಟಿ ಅತ್ತೆಯಿಂದ ಸೊಸೆಗೆ ಬರುತ್ತಿತ್ತು, ಅದೂ ಅತ್ತೆ ಕಣ್ಣು ಮುಚ್ಚಿದ ಮೇಲೆ. ಹುಲಿಯಮ್ಮನ ಕೈಗೆ ಬಂದಾಗ ಅದರಲ್ಲಿ ಇಪ್ಪತ್ತು ಬೀಜಗಳಿದ್ದವು. ಇಪ್ಪತ್ತನೆಯದು ಊರಿನ ಜಮೀನಿನ ಒಡೆಯರದು, ಒಂದು ಮಾವಿನ ಓಟೆ. ಓಟೆಗೆ ಹುಳು ಹಿಡಿಯುತ್ತದೆಂದು ವರ್ಷ ವರ್ಷವೂ ಹೊಸದನ್ನು ಇಡುತ್ತಿದ್ದರು. ಒಡೆಯರ ಗದ್ದೆ ಪ್ರತಿ ವರ್ಷವೂ ಮೊದಲು. ಅವರ ಮನೆಯಿಂದ ಯಾರೂ ತಿರುಗಿ ಬಂದು ಇವರ ಗದ್ದೆಗೆ ಇಳಿದದ್ದಿಲ್ಲ. ಗೇಣಿದಾರರೆಲ್ಲ ತಲೆಯೆತ್ತಿದ ಆ ವರ್ಷ, ಬುಟ್ಟಿ ಕೈಗೆ ಬಂದ ಮೊದಲ ಮಳೆಗಾಲದಲ್ಲೇ, ಹುಲಿಯಮ್ಮ ಓಟೆಯನ್ನು ಏಳನೆಯ ಜಾಗದಲ್ಲಿ ಇಟ್ಟಳು. ಒಡೆಯರ ಕಡೆಯ ಆಳು ಬಂದು, "ಇದೇನೇ ಹುಲಿಯಮ್ಮ?" ಎಂದು ಕಣ್ಣು ಬಿಟ್ಟ. "ಸಾಲು ನೋಡಿ ಇಟ್ಟಿದೀನಿ, ದೇವ್ರು. ನಿಮ್ಮ ಸಸಿ ಇನ್ನೂ ಎಳೇದು," ಎಂದಳು ಹುಲಿಯಮ್ಮ. ಒಡೆಯರು ಘಟ್ಟದ ಕೆಳಗಿನಿಂದ ಆಳು ತರಿಸಿಕೊಂಡರು, ಮತ್ತೆ ಈ ಸಾಲಿಗೆ ಬರಲಿಲ್ಲ. ಬುಟ್ಟಿಯಲ್ಲಿ ಕೆಲಸವಿಲ್ಲದೆ ಉಳಿದ ಓಟೆಯನ್ನು ಅವಳು ಮನೆಯ ಹಿಂದೆ ಊರಿದಳು. ಡಬ್ಬ ತೂಗುವ ಮಾವಿನ ಮರ ಅದೇ.

ಹೀಗೆ ಹದಿಮೂರು ಮಳೆಗಾಲ ಕಳೆದವು. ಹುಲಿಯಮ್ಮ ಸುಖವಾಗಿದ್ದಳು. ಗಂಡ ಕೆರಿಯಪ್ಪ ಮಾತು ಕಡಿಮೆ, ನಗು ಜಾಸ್ತಿಯ ಮನುಷ್ಯ. ಸೊಸೆ ಗುತ್ಯಮ್ಮನದು ಚುರುಕು ಕೈ, ಚುರುಕು ನಾಲಿಗೆ. ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಗೆರೆ ಎಳೆಯಲು ಊರಿನಲ್ಲಿ ಅವಳನ್ನು ಮೀರಿಸಿದವರಿಲ್ಲ. ಉಂಡು ಉಟ್ಟು ಕೊರತೆಯಿಲ್ಲದ, ದೊಡ್ಡ ಆಸೆಯೂ ಇಲ್ಲದ ಬದುಕು.

ಆದರೆ ಹೋದ ದೀಪಾವಳಿಯ ಹೊತ್ತಿಗೆ ಅವಳೊಳಗೆ ಒಂದು ಮುಳ್ಳು ಹೊಕ್ಕಿತು.

ಸೊಪ್ಪಿಗೆ ಹೋದವಳು ಕೊನೆಮನೆಯ ಕನ್ನಮ್ಮನ ಗದ್ದೆಯ ಅಂಚಿನಲ್ಲಿ ನಿಂತುಬಿಟ್ಟಳು. ಅಕ್ಕಪಕ್ಕದ ಗದ್ದೆಗಳಲ್ಲಿ ತೆನೆ ಬಾಗಿದ್ದರೆ ಇಲ್ಲಿ ಒಂಟಿ ಒಂಟಿ ಕಡ್ಡಿ, ಬಡಕಲು ತೆನೆ.

"ಎಂತ ಆತೇ ಕನ್ನಮ್ಮ?"

"ಎಂತದೂ ಇಲ್ಲ ಕಣಕ್ಕ. ಮಳೆ," ಎಂದಳು ಕನ್ನಮ್ಮ, ಬಗ್ಗಿದ್ದವಳು ತಲೆಯೆತ್ತದೆ.

ಮಳೆ ಎಲ್ಲರ ಗದ್ದೆಗೂ ಒಂದೇ ಹುಯ್ದಿತ್ತು. ಹುಲಿಯಮ್ಮ ಮನೆಗೆ ಬಂದು ಜಗಲಿಯ ಬಿಸಿಲಿನಲ್ಲಿ ಬುಟ್ಟಿ ಸುರುವಿಕೊಂಡು ಕೂತಳು. ಕನ್ನಮ್ಮನ ಮನೆಯದು ಅಂಟುವಾಳದ ಬೀಜ. ನಡುಮನೆಯ ಬೆಳ್ಳಮ್ಮನದು ಬೈನೆ ಮರದ ಬೀಜ. ಎರಡೂ ಕಪ್ಪು, ಎರಡೂ ದುಂಡು. ಹಿಂದೆಲ್ಲ ನೋಡಿದರೆ ಸಾಕು, ಬೇರೆ ಬೇರೆಯೆಂದು ತಿಳಿಯುತ್ತಿತ್ತು. ಈಗ ಕಣ್ಣಿಗೆ ಮಂಜು ಕವಿದ ಹಾಗೆ. ಬೆರಳಿನಲ್ಲಿ ತಿರುವಿದರೆ ಅದೂ ನುಣುಪು, ಇದೂ ನುಣುಪು. ಹೋದ ಮಳೆಗಾಲದ ನೆಟ್ಟಿಯ ನಾಲ್ಕನೆಯ ದಿನ ಕನ್ನಮ್ಮನದೆಂದು ತಾನು ಎತ್ತಿ ಹಿಡಿದದ್ದು ಬೆಳ್ಳಮ್ಮನದು. ಜನ ಬೆಳ್ಳಮ್ಮನ ಗದ್ದೆಗೆ ಇಳಿದಾಗ, ತಾನೇ ಸಾಲು ಹಾಗೆ ಇಟ್ಟಿದ್ದೆನೇನೋ ಎಂದುಕೊಂಡಿದ್ದಳು. ಕನ್ನಮ್ಮನ ಸಸಿ ಹತ್ತು ದಿನ ಹೆಚ್ಚಿಗೆ ಮಡಿಯಲ್ಲೇ ಕೂತಿತ್ತು.

ಊರಿಗೆಲ್ಲ ಅದು ಗೊತ್ತಿತ್ತು. ಕನ್ನಮ್ಮನಿಗೆ ಗೊತ್ತಿತ್ತು, ಬೆಳ್ಳಮ್ಮನಿಗೆ ಗೊತ್ತಿತ್ತು, ಮೊರದ ಪಕ್ಕದಲ್ಲೇ ನಿಂತಿದ್ದ ಗುತ್ಯಮ್ಮನಿಗೂ ಗೊತ್ತಿತ್ತು. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಹುಲಿಯಕ್ಕ ಎತ್ತಿದ ಬೀಜ, ಅದರ ಮೇಲೆ ಮಾತಿಲ್ಲ. ತಪ್ಪಿಗಿಂತ ಆ ಮೌನ ಅವಳನ್ನು ಹೆಚ್ಚು ಚುಚ್ಚಿತು. ಇನ್ನೊಂದು ಮಳೆಗಾಲವೂ ಹೀಗೇ ಎತ್ತುವುದೋ? ಯಾರ ಗದ್ದೆ ಹಾಳಾದರೂ ಊರು ಹೀಗೇ ಸುಮ್ಮನಿರುವುದೋ? ತನ್ನ ಅತ್ತೆ ಕಡೆಯ ಎರಡು ವರ್ಷ ಹಾಸಿಗೆಯ ಮೇಲೆ ಕೂತೇ ಬೀಜ ಎತ್ತುತ್ತಿದ್ದಳು. ಮುದುಕಿಗೆ ತಿಳಿಯದ ಹಾಗೆ ಬೀಜ ಬದಲಿಸಿ ಇಡುತ್ತಿದ್ದವಳು ಸೊಸೆ ಹುಲಿಯಮ್ಮನೇ. ಆ ಕಳ್ಳತನ ಗುತ್ಯಮ್ಮನಿಗೆ ಬೇಡವೆಂದು ಅವಳಿಗೆ ಅನ್ನಿಸಿತು. ಆದರೆ ಬುಟ್ಟಿ ಬಿಡುವುದು ಹೇಗೆ? ಸಾಯದೆ ಅದನ್ನು ಬಿಟ್ಟವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಅದರ ಮುಂದಿನ ಬೇಸಿಗೆಯಲ್ಲಿ ಶಂಭು ಮೇಷ್ಟ್ರ ಪಾಠ ಶುರುವಾಯಿತು. ಶಂಭು ತೀರ್ಥಹಳ್ಳಿ ಕಡೆಯವರು, ಊರಿನ ಒಂದೇ ಕೋಣೆಯ ಶಾಲೆಗೆ ಒಬ್ಬರೇ ಮೇಷ್ಟ್ರು. ದೊಡ್ಡವರಿಗೂ ಅಕ್ಷರ ಕಲಿಸಬೇಕೆಂದು ಸರ್ಕಾರದ ಕಾಗದ ಬಂದಿತ್ತು. ಮಧ್ಯಾಹ್ನ ಹೆಂಗಸರು ಹುಲಿಯಮ್ಮನ ಜಗಲಿಯಲ್ಲಿ ಸೇರಿ ಗೊರಬು ಸರಿಮಾಡುತ್ತಿದ್ದರು. ಮಳೆಯಲ್ಲಿ ಬಗ್ಗಿ ನೆಡುವಾಗ ತಲೆಯಿಂದ ಬೆನ್ನಿನವರೆಗೆ ಹೊದೆಯುವ, ಬಿದಿರು ಸೀಳಿಗೆ ಎಲೆ ಹೆಣೆದ ಮರೆ ಅದು. ಕೈ ಅಲ್ಲಿರುವಾಗ ಕಿವಿ ಖಾಲಿ ಇರುತ್ತದಲ್ಲ, ಮೇಷ್ಟ್ರು ಅಲ್ಲಿಗೇ ಬಂದು ಕೂತರು. ಅಕ್ಷರಮಾಲೆ ಮುಗಿಯುವಷ್ಟರಲ್ಲಿ ಎಲ್ಲರೂ ಆಕಳಿಸಿದರು. ಬೆಳ್ಳಮ್ಮ, "ಮೇಷ್ಟ್ರೆ, ಅಳಿಲು ಆನೆ ಸಾಕು. ಮನುಷ್ಯರದ್ದು ಎಂತಾರೂ ಇದ್ರೆ ಓದಿ," ಎಂದಳು. ಸಾಗರದಲ್ಲಿ ಯಾರೋ ಹಂಚಿದ್ದ ಒಂದು ತೆಳ್ಳನೆಯ ಪುಸ್ತಿಕೆ ಮೇಷ್ಟ್ರ ಚೀಲದಲ್ಲಿತ್ತು. ಅಮೆರಿಕ ದೇಶವನ್ನು ಕಟ್ಟಿದ ಹಿರಿಯರ ಕಥೆ.

"ಓ, ನಮ್ಮ ಡಬ್ಬದವರು," ಎಂದಳು ಹುಲಿಯಮ್ಮ. "ಓದಿ ಓದಿ."

ಮೊದಲು ಬಂದದ್ದು ಫ್ರಾಂಕ್ಲಿನ್. ಅಚ್ಚುಮನೆ ನಡೆಸುತ್ತಿದ್ದವನು, ಗುಡುಗುವಾಗ ಗಾಳಿಪಟ ಹಾರಿಸಿ ಮಿಂಚಿನ ಗುಟ್ಟು ಹಿಡಿದವನು.

"ಗುಡುಗುವಾಗ ಗಾಳಿಪಟ ಬಿಟ್ನಾ? ಅವನ ಹೆಂಡ್ತಿಗೆ ಕೋಲು ಸಿಗ್ಲಿಲ್ವಾ?" ಎಂದಳು ಬೆಳ್ಳಮ್ಮ.

"ಅದರಿಂದಲೇ ಮನೆ ಮೇಲೆ ಕಬ್ಬಿಣದ ಸಲಾಕೆ ನಿಲ್ಲಿಸೋದು ಬಂತು, ಬೆಳ್ಳಮ್ಮ. ಸಿಡಿಲು ಬಡಿಯದ ಹಾಗೆ."

"ಹಂಗಾರೆ ಬೈಯ್ಯಲ್ಲ ಬಿಡಿ. ನಮ್ಮನೆ ಮೇಲೂ ಒಂದು ನಿಲ್ಸಿ."

ಮರುದಿನ ಆಡಮ್ಸ್ ಮತ್ತು ಜೆಫರ್ಸನ್. ಒಟ್ಟಿಗೆ ದೇಶ ಕಟ್ಟಿದ ಗೆಳೆಯರು, ಅಧಿಕಾರದ ಜಗಳದಲ್ಲಿ ಹತ್ತು ಹನ್ನೊಂದು ವರ್ಷ ಮಾತು ಬಿಟ್ಟವರು, ಮುಪ್ಪಿನಲ್ಲಿ ಕಾಗದ ಬರೆದು ಬರೆದು ಮತ್ತೆ ಒಂದಾದವರು. ಕೊನೆಗೆ ಇಬ್ಬರೂ ಒಂದೇ ದಿನ ತೀರಿಕೊಂಡರು, ಅದೂ ಅವರ ಸ್ವಾತಂತ್ರ್ಯದ ಐವತ್ತನೆಯ ವರ್ಷದ ಹಬ್ಬದ ದಿನ.

"ಜೋಡಿ ಎತ್ತು," ಎಂದ ಕೆರಿಯಪ್ಪ, ಕಂಬಕ್ಕೊರಗಿದ್ದಲ್ಲಿಂದಲೇ.

ಕನ್ನಮ್ಮ ಎಲೆ ಹೆಣೆಯುವುದನ್ನು ನಿಲ್ಲಿಸಿ, "ಬಾಯಲ್ಲಿ ಆಡಕ್ಕಾಗ್ದಿದ್ದನ್ನ ಕಾಗದದಾಗೆ ಬರ್ದು ಸರಿ ಮಾಡ್ಕಂಡ್ರು, ಅಲ್ದಾ ಮೇಷ್ಟ್ರೆ?" ಎಂದಳು. ಅವಳು ಯಾರನ್ನೂ ನೋಡಲಿಲ್ಲ. ಆದರೂ ಹುಲಿಯಮ್ಮನ ಕೈಯ ಸೂಜಿ ಒಂದು ಗಳಿಗೆ ತಪ್ಪಿತು. ಅಂದಿನಿಂದ ಪಾಠವನ್ನು ಮನಸ್ಸಿಟ್ಟು ಕಲಿತವಳೆಂದರೆ ಕನ್ನಮ್ಮನೇ.

ಮೂರನೆಯ ದಿನ ವಾಷಿಂಗ್ಟನ್ ಬಂದ. ಎಂಟು ವರ್ಷ ಯುದ್ಧ ನಡೆಸಿದ ದಂಡನಾಯಕ. ಗೆದ್ದ ಮೇಲೆ, ನೀನೇ ರಾಜನಾಗು ಎಂದವರೂ ಇದ್ದರು. ಅವನು ಒಲ್ಲೆನೆಂದು, ಅಧಿಕಾರದ ಪತ್ರವನ್ನು ಸಭೆಗೆ ಹಿಂದಿರುಗಿಸಿ, ಕುದುರೆ ಹತ್ತಿ ಊರಿಗೆ ಹೋಗಿ ಬೇಸಾಯ ಹಿಡಿದ. ಮತ್ತೆ ಕರೆದರು. ಎರಡು ಸಲ, ಒಟ್ಟು ಎಂಟು ವರ್ಷ, ದೇಶದ ಅಧ್ಯಕ್ಷನಾಗಿದ್ದ. ಮೂರನೆಯ ಸಲಕ್ಕೆ ಸಾಕೆಂದು ಎದ್ದು ಮನೆಗೆ ನಡೆದ.

"ಯಾರಾರೂ ಹೋಗು ಅಂದ್ರಾ?" ಹುಲಿಯಮ್ಮ ಕೇಳಿದಳು.

"ಇಲ್ಲಮ್ಮ. ಇರಿ, ಇರಿ ಅಂತಲೇ ಅಂದ್ರು."

"ಕಣ್ಣು ಚೆನ್ನಾಗಿ ಕಾಣ್ತಿತ್ತಾ?"

ಮೇಷ್ಟ್ರು ತಬ್ಬಿಬ್ಬಾದರು. "ಅದು... ಇದರಲ್ಲಿ ಬರೆದಿಲ್ಲ."

ಹುಲಿಯಮ್ಮ ಸೂಜಿಯನ್ನು ಗೊರಬಿಗೆ ಚುಚ್ಚಿಟ್ಟಳು. ಸಾಯದೆ ಬಿಟ್ಟವನು ಒಬ್ಬ ಇದ್ದಾನೆ ಹಾಗಾದರೆ. ಇರು ಅನ್ನುವಾಗಲೇ ಎದ್ದವನು. ಎದೆಯ ಮುಳ್ಳು ತುಸು ಸಡಿಲವಾದಂತಾಯಿತು. ಆಮೇಲೆ ಅವಳೊಳಗಿನ ಬೇಸಾಯಗಾತಿ ಎದ್ದು ಕೂತಳು.

"ಅದ್ಸರಿ ಮೇಷ್ಟ್ರೆ. ಎಂಟು ವರ್ಷ ಯುದ್ಧದಾಗಿದ್ದ, ಎಂಟು ವರ್ಷ ಗದ್ದುಗೆ ಮೇಲಿದ್ದ. ಅಷ್ಟು ವರ್ಷ ಅವನ ಗದ್ದೆ ನೆಟ್ಟವರು ಯಾರು?"

"ಅವರದು ಭತ್ತ ಅಲ್ಲಮ್ಮ. ಗೋಧಿ, ಹೊಗೆಸೊಪ್ಪು."

"ಗೋಧಿಯಾದ್ರೆ ತಾನೇ ಬಂದು ಮಣ್ಣಾಗೆ ಕೂತ್ಕಂತದಾ?"

ಜಗಲಿಯೆಲ್ಲ ನಕ್ಕಿತು. ಆಮೇಲೆ ನಿಜವಾದ ಚರ್ಚೆ ಹತ್ತಿಕೊಂಡಿತು. ಊರವರು ಮುಯ್ಯಾಳಿಗೆ ಬಂದಿರಬೇಕು ಎಂದಳು ಗುತ್ಯಮ್ಮ. ಅವನು ಎಲ್ಲರಿಗೋಸ್ಕರ ಬಡಿದಾಡುತ್ತಿದ್ದ, ಎಲ್ಲರೂ ಸೇರಿ ಅವನ ಹೊಲ ನೋಡಿಕೊಂಡರು. ಹಾಗಿದ್ದರೆ ಎಂಟು ವರ್ಷದ ಮುಯ್ಯಿಯನ್ನು ಅವನು ತಿರುಗಿ ತೀರಿಸಿದ್ದು ಹೇಗೆ ಎಂದಳು ಕನ್ನಮ್ಮ. ಯುದ್ಧವೇ ಅವನ ಪಾಲಿನ ಕೆಲಸ, ಅಲ್ಲಿಗೆ ಸರಿಹೋಯಿತು ಎಂದ ಕೆರಿಯಪ್ಪ. ಮೇಷ್ಟ್ರು ಪುಸ್ತಿಕೆಯ ಹಿಂದೆ ಮುಂದೆ ತಿರುವಿ, "ಇದರಲ್ಲಿ ಆ ಮಾತೇ ಇಲ್ಲ," ಎಂದರು.

"ಹಂಗಾರೆ ಪುಸ್ತಕ ಅರ್ಧ," ಎಂದಳು ಹುಲಿಯಮ್ಮ. "ಇನ್ನರ್ಧ ಹುಡುಕ್ಕಂಡು ಬನ್ನಿ."

ಮೇಷ್ಟ್ರು ಸಾಗರಕ್ಕೆ ಹೋದ ವಾರವೇ ದಿಲ್ಲಿಯಿಂದ ನೆಹರೂ ತೀರಿಕೊಂಡ ಸುದ್ದಿ ಬಂತು. ಬಸ್ಸು ನಿಲ್ಲುವಲ್ಲಿನ ಅಂಗಡಿಯ ರೇಡಿಯೋ ಮುಂದೆ ಜನ ಸೇರಿದರು. ಹುಲಿಯಮ್ಮನೂ ನಡೆದು ಹೋಗಿ ನಿಂತಿದ್ದು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಗಂಡಸರೆಲ್ಲ ಒಬ್ಬರನ್ನೊಬ್ಬರು ಕೇಳಿದ್ದು ಒಂದೇ ಮಾತು: "ಮುಂದೆ ಯಾರು?" ಆ ಮಾತು ಕಾಡುದಾರಿಯುದ್ದಕ್ಕೂ ಅವಳ ಹಿಂದೆಯೇ ನಡೆದು ಬಂತು.

ಮೇಷ್ಟ್ರು ಬಂದದ್ದು ಮಿಂಚು ಗುಡುಗಿನ ಒಂದು ಮಧ್ಯಾಹ್ನ. ಎಂದಿನಂತೆ ಕೂತವರೇ ಪುಸ್ತಕ ತೆಗೆಯಲಿಲ್ಲ. "ಲೈಬ್ರರಿಯಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ತು," ಎಂದರು. "ಅದರಲ್ಲಿ ಇತ್ತು."

"ಯಾರು ನೆಟ್ರಂತೆ?"

"ಕೊಂಡ ಜನ, ಅಮ್ಮ. ಆಫ್ರಿಕಾದಿಂದ ಹಡಗಿನಲ್ಲಿ ಹೊತ್ತು ತಂದವರು, ಅವರ ಮಕ್ಕಳು ಮೊಮ್ಮಕ್ಕಳು. ಸಂತೆಯಲ್ಲಿ ಎತ್ತು ಕೊಂಡ ಹಾಗೆ ಕೊಳ್ತಿದ್ರು. ಅವನ ಸ್ವಂತದವರೇ ನೂರಿಪ್ಪತ್ತು ಜನಕ್ಕೂ ಹೆಚ್ಚು. ಬಿಟ್ಟು ಹೋಗೋ ಹಾಗಿಲ್ಲ."

"ಅವರ ಗದ್ದೆಗೆ ಇವನು ಯಾವಾಗ ಇಳೀತಿದ್ದ?"

"ಅವರಿಗೆ ಗದ್ದೆ ಇರಲಿಲ್ಲ."

 ಹುಲಿಯಮ್ಮ ಎದ್ದು ಹಿಂದಿನ ಬಾಗಿಲಿಗೆ ಹೋಗಿ ಮಾವಿನ ಮರದ ಡಬ್ಬವನ್ನು ನೋಡುತ್ತ ನಿಂತಳು. ಅವಳು ಕಂಡದ್ದು ಡಬ್ಬವನ್ನಷ್ಟೇ ಅಲ್ಲ, ಮದುವೆಯಾಗಿ ಬಂದ ಹೊಸದರಲ್ಲಿ ಮನೆಯ ಸಸಿ ಗಂಟು ಕಟ್ಟುತ್ತಿದ್ದರೂ ಒಡೆಯರ ಗದ್ದೆಯಲ್ಲಿ ಬಗ್ಗಿದ್ದ ತನ್ನ ಬೆನ್ನನ್ನೂ ಕಂಡಳು.

"ಹಂಗಾರೆ ಈ ಡಬ್ಬದ ಮೇಲಿನ ಕೈ ಯಾರದ್ದು?" ಎಂದಳು ತಿರುಗಿ.

 "ಇನ್ನೊಂದು ಮಾತಿದೆ," ಎಂದರು ಮೇಷ್ಟ್ರು ಮೆಲ್ಲಗೆ. "ಸಾಯೋ ವರ್ಷ ಉಯಿಲು ಬರೆದಿಟ್ಟ. ನನ್ನ ಹೆಂಡತಿ ಸತ್ತ ಮೇಲೆ ನನ್ನ ಪಾಲಿನ ಜನರನ್ನೆಲ್ಲ ಬಿಟ್ಟುಬಿಡಿ ಅಂತ. ಆದರೆ ಆಕೆ ಅಷ್ಟು ದಿನ ಇಟ್ಟುಕೊಳ್ಳಲಿಲ್ಲ. ಅವನು ಹೋಗಿ ಒಂದು ವರ್ಷಕ್ಕೇ ಬಿಟ್ಟಳು."

"ಮತ್ತೆಂತ ಮಾಡ್ತಾಳೆ?" ಎಂದಳು ಬೆಳ್ಳಮ್ಮ. "ಇವಳು ಯಾವಾಗ ಸಾಯ್ತಾಳೆ ಅಂತ ನೂರಿಪ್ಪತ್ತು ಜನ ಕಾಯ್ತಾ ಕೂತ್ರೆ ಆ ಹೆಂಗ್ಸಿಗೆ ಉಂಡನ್ನ ಒಳಗೆ ಇಳಿದೀತಾ?"

ಎಲ್ಲರೂ ನಕ್ಕರು. ಹುಲಿಯಮ್ಮ ನಗಲಿಲ್ಲ. ಅವಳು ಸೊಸೆಯನ್ನು ನೋಡಿದಳು. ಗುತ್ಯಮ್ಮ ಎಲೆ ಜೋಡಿಸುತ್ತಿದ್ದಳು. ಕನ್ನಮ್ಮನನ್ನು ನೋಡಿದಳು. ಈ ಹುಡುಗಿಯರಿಗೆ ನನ್ನ ಸಾವು ಬೇಕಿಲ್ಲ, ಆದರೆ ನಾನು ಸಾಯದೆ ಅವರ ಬಾಯಿ ತೆರೆಯುವುದೂ ಇಲ್ಲ. ಆ ವಾಷಿಂಗ್ಟನ್ ಗದ್ದುಗೆಯನ್ನು ಬದುಕಿರುವಾಗಲೇ ಬಿಟ್ಟ, ಸರಿ. ತನ್ನ ಹೊಟ್ಟೆಗೆ ದುಡಿಯುತ್ತಿದ್ದ ಕೈಗಳನ್ನು ಮಾತ್ರ ಸತ್ತ ಮೇಲೆ ಬಿಡುತ್ತೇನೆಂದು ಹಿಡಿದುಕೊಂಡ. ಅದನ್ನು ಅವಳು ಯಾರಿಗೂ ಹೇಳಲಿಲ್ಲ. "ಆ ಹೆಂಗಸಿನ ಹೆಸರೇನಂದ್ರಿ?" ಎಂದಷ್ಟೇ ಕೇಳಿದಳು.

"ಮಾರ್ತಾ."

"ಅದನ್ನೂ ಆ ಪುಸ್ತಕದ ಕೊನೆಗೆ ಬರ್ದಿಡಿ," ಎಂದಳು.

ಮರುದಿನ ಬಿಸಿಲೇರಿದ ಹೊತ್ತಿನಲ್ಲಿ ಡಬ್ಬದ ಸದ್ದಾಯಿತು. ನೆಟ್ಟಿಗೆ ಇನ್ನೂ ಒಂದು ತಿಂಗಳಿತ್ತು. ಬೆಂಕಿ ಬಿತ್ತೋ, ಹುಲಿ ಬಂತೋ ಎಂದು ಜನ ಓಡಿ ಬಂದರೆ ಹುಲಿಯಮ್ಮ ಅಂಗಳದಲ್ಲಿ ಮೊರ ಇಟ್ಟುಕೊಂಡು ಕೂತಿದ್ದಳು. ಮೊರದ ಮೇಲೆ ಎರಡೇ ಬೀಜ.

"ಬೆಳ್ಳೀ, ಇದ್ರಾಗೆ ನಿಂದು ಯಾವ್ದು ತೋರ್ಸು."

ಬೆಳ್ಳಮ್ಮ ಕಾಲ್ಬೆರಳಿನಲ್ಲಿ ನೆಲ ಕೆರೆದಳು. "ಎಂತಕ್ಕೆ ಈಗ ಅದೆಲ್ಲ, ಅಕ್ಕ?"

"ನನಗೆ ಗೊತ್ತಾಗ್ತಿಲ್ಲ ಅದಕ್ಕೆ. ಹೋದ ವರ್ಷವೂ ಗೊತ್ತಾಗ್ಲಿಲ್ಲ. ಕನ್ನಮ್ಮನ ದಿನ ನಿನಗೆ ಕೊಟ್ಟೆ. ನೀನು ಇಡೀ ಊರಿಗೆ ಸಿಡಿಲು ಬಡಿದಂಗೆ ಮಾತಾಡೋಳು, ಅವತ್ತೊಂದು ದಿನ ಬಾಯಿಗೆ ಎಂತ ತುರುಕ್ಕಂಡಿದ್ದೆ?"

"ನೀನೇ ಎತ್ತಿದ್ದು. ನಿನ್ನ ಕೈ ಮೇಲೆ ನಾನೆಂತ ಹೇಳ್ಳಿ?" ಬೆಳ್ಳಮ್ಮನ ಮುಖ ಕೆಂಪಾಯಿತು. "ಮೊದ್ಲು ಸಿಕ್ತಲ್ಲ ಅಂತ ಖುಷೀನೂ ಆಗಿತ್ತು, ಸುಳ್ಳೆಂತಕ್ಕೆ. ಸುಗ್ಗೀಲಿ ಕನ್ನಮ್ಮನ ಕಣ ನೋಡಿ ಒಂದು ಮೂಟೆ ಭತ್ತ ಹೊತ್ಕಂಡು ಹೋಗಿದ್ದೆ. ಇವ್ಳು ಮೆಟ್ಟಿಲು ಹತ್ತಿಸ್ಲಿಲ್ಲ."

"ಭಿಕ್ಷೆ ತಗಳ್ಳಾ ನಾನು?" ಎಂದಳು ಕನ್ನಮ್ಮ. ಆಮೇಲೆ, ಹೋದ ಮಳೆಗಾಲದಿಂದ ನುಂಗಿಟ್ಟದ್ದನ್ನು ಒಂದೇ ಉಸಿರಿಗೆ ಉಗುಳಿದಳು: "ನನಗೆ ಸಿಟ್ಟು ಬಂದಿದ್ದು ಬೆಳ್ಳಕ್ಕನ ಮೇಲಲ್ಲ. ನಿನ್ನ ಮೇಲೆ, ಹುಲಿಯಕ್ಕ. ದಿನಾ ಮಡಿ ಹತ್ರ ಹೋಗಿ ಆ ಸಸಿ ನೋಡಿ ಅಳ್ತಿದ್ದೆ. ನೀನು ಒಂದ್ಸಲ ಈ ಕಡೆ ಬಂದು ನೋಡ್ಲಿಲ್ಲ."

 ಹುಲಿಯಮ್ಮನ ಮುಖದಲ್ಲಿ ಒಂದು ಬೆಳಕು ಮೂಡಿತು, ಕಾಲಿನ ಮುಳ್ಳು ತೆಗೆದಾಗ ಬರುವಂಥದು. ಅವಳು ಬೆತ್ತದ ಬುಟ್ಟಿಗೆ ಆ ಎರಡು ಬೀಜಗಳನ್ನೂ ಹಾಕಿ ಎದ್ದಳು, ಬುಟ್ಟಿಯನ್ನು ಕನ್ನಮ್ಮನ ಕೈಯಲ್ಲಿಟ್ಟಳು.

"ನನ್ನ ತಪ್ಪು ಅಂತ ಬಾಯಿ ಬಿಟ್ಟವಳು ನೀನೊಬ್ಳೇ. ಇನ್ನು ಎರಡು ಮಳೆಗಾಲ ನೀನು ಹೇಳು. ಎರಡೇ. ಮೂರನೇದಕ್ಕೆ ಇರು ಅಂದ್ರೂ ಇರಬಾರ್ದು, ಪಕ್ಕದ ಮನೆಗೆ ಕೊಡಬೇಕು. ಸರದಿ ಹೇಳೋಕೂ ಸರದಿ ಇರ್ಲಿ."

ಗದ್ದಲ ಎದ್ದಿತು. ಇದು ನಿಮ್ಮ ಮನೆಯ ಬುಟ್ಟಿ, ಹೊರಗೆ ಹೋಗಬಾರದು ಎಂದರು ಕೆಲವರು. ಇನ್ನೊಂದು ವರ್ಷ ಇರು ಎಂದರು ಇನ್ನು ಕೆಲವರು. ಮಾಸ್ತಪ್ಪ ಕೆರಿಯಪ್ಪನ ಕಡೆ ತಿರುಗಿ, "ನೀನಾದ್ರೂ ಹೇಳೋ ಮಾರಾಯ," ಎಂದ. "ಅವಳು ಮದ್ವೆ ದಿನದಿಂದ ನನ್ನ ಕೇಳಿದ್ದು ಎಂತ ಐತೆ?" ಎಂದು ಕೆರಿಯಪ್ಪ ನಕ್ಕ.

ಹುಲಿಯಮ್ಮ ಹೆದರಿದ್ದು ಒಂದೇ ಮುಖಕ್ಕೆ. ಗುತ್ಯಮ್ಮ ಬಾಗಿಲಲ್ಲಿ ನಿಂತಿದ್ದಳು. ಬುಟ್ಟಿ ತನ್ನದಾಗಬೇಕಿತ್ತೆಂದು ಅವಳಿಗೂ ಗೊತ್ತು.

"ಹತ್ತೊಂಬತ್ತು ಮನೆ, ಎರಡೆರಡು ವರ್ಷ," ಎಂದಳು ಗುತ್ಯಮ್ಮ, ಸೊಂಟಕ್ಕೆ ಕೈಯಿಟ್ಟು. "ಸುತ್ತಿ ಬರೋವಾಗ ನನಗೆ ಹಲ್ಲೇ ಇರಲ್ಲ. ಚೆನ್ನಾಗಿ ಮಾಡಿದ್ರಿ, ಅತ್ತೆ."

"ಸಿಟ್ಟಾ?"

"ಮೊದ್ಲು ಬಂತು, ಈಗಿಲ್ಲ." ಅವಳ ದನಿ ಇಳಿಯಿತು. "ಹೋದ ವರ್ಷ ನೀವು ತಪ್ಪು ಬೀಜ ಎತ್ತಿದಾಗ ನಾನು ಪಕ್ಕದಾಗೇ ಇದ್ದೆ. ಹೇಳಾಕೆ ಬಾಯಿ ಬರ್ಲಿಲ್ಲ. ಇನ್ನು ಅಷ್ಟು ಮಟ್ಟಿಗೆ ನೆಮ್ಮದಿ."

ಆರಿದ್ರೆ ಮಳೆ ಚೆನ್ನಾಗಿ ಹಿಡಿಯಿತು. ಪುನರ್ವಸು ಮಳೆಯ ಮೂರನೆಯ ಬೆಳಗ್ಗೆ ಮಾವಿನ ಮರದ ಡಬ್ಬ ಸದ್ದು ಮಾಡಿತು. ಒಳಗೆ ಗಂಜಿ ಕುಡಿಯುತ್ತಿದ್ದ ಹುಲಿಯಮ್ಮನ ಕೈ ತಾನಾಗಿ ಡಬ್ಬ ಬಡಿಯುವ ಕೋಲಿಗೆ ತಡಕಿ, ಖಾಲಿ ಹಿಂದೆ ಬಂತು. ಇಷ್ಟು ವರ್ಷ ಈ ಸದ್ದಿಗೆ ಅವಳು ಯಾವಾಗಲೂ ಹತ್ತಿರದಲ್ಲಿರುತ್ತಿದ್ದಳು. ದೂರದಿಂದ ಕೇಳಿದ್ದು ಇದೇ ಮೊದಲು. ಚೆನ್ನಾಗಿಯೇ ಇದೆ, ಅನ್ನಿಸಿತು. ಬಟ್ಟಲನ್ನು ಖಾಲಿ ಮಾಡಿ, ಗೊರಬು ಎತ್ತಿಕೊಂಡು, ಎಲ್ಲರ ಹಾಗೆ ಅಂಗಳಕ್ಕೆ ಬಂದು ಎಲ್ಲರ ಹಿಂದೆ ನಿಂತಳು. ಶಾಲೆಗೆ ಹೊರಟಿದ್ದ ಶಂಭು ಮೇಷ್ಟ್ರೂ ಕೊಡೆ ಹಿಡಿದು ಬೇಲಿಯ ಹತ್ತಿರ ನಿಂತಿದ್ದರು.

ಕನ್ನಮ್ಮ ಮೊರದಿಂದ ಮೊದಲ ಬೀಜ ಎತ್ತಿ ಹಿಡಿದಳು.  ಬೂದಿ ಬಣ್ಣದ ಗಜ್ಜುಗ.

"ಹೊಳೆಸಾಲಿನ ಮಾಸ್ತಪ್ಪಣ್ಣನ ಗದ್ದೆ," ಎಂದಳು.

ಗುಂಪಿನಲ್ಲಿ ಗುಜುಗುಜು ಎದ್ದಿತು. ಹುಲಿಯಮ್ಮನ ಹದಿಮೂರು ವರ್ಷದಲ್ಲೂ ಮೊದಲು ಮೇಲಿನ ಮಕ್ಕಿ ಗದ್ದೆ. ಮಕ್ಕಿಗೆ ಮಳೆನೀರು ಬಿಟ್ಟರೆ ಬೇರೆ ದಿಕ್ಕಿಲ್ಲ. ಮಳೆ ಬಿಟ್ಟು ಹೊಳವಾದರೆ ಎರಡೇ ದಿನಕ್ಕೆ ಒಣಗುತ್ತದೆ. ಹೊಳೆಯ ಪಕ್ಕದ ತಗ್ಗಿಗೆ ನೀರಿಗೇನು ಕೊರತೆ?

"ಈ ಸಲ ಹೊಳೆ ಈಗಾಗ್ಲೇ ಅಂಚಿಗೆ ಬಂದೈತೆ," ಎಂದಳು ಕನ್ನಮ್ಮ. ದನಿ ಸಣ್ಣದಾಗಿತ್ತು, ಆದರೆ ಹಿಂದೆಗೆಯಲಿಲ್ಲ. "ತಡ ಮಾಡಿದ್ರೆ ತಗ್ಗಿನಾಗೆ ಸಸಿ ಬೇರು ಹಿಡಿಯಲ್ಲ, ತೇಲಿ ಹೋಗ್ತದೆ."

"ಮಕ್ಕಿ ಒಣಗಿದ್ರೆ?" ಎಂದಳು ಬೆಳ್ಳಮ್ಮ. "ಹುಲಿಯಕ್ಕಾ, ನೀನು ಎಂತ ಅಂತಿ?"

ಹತ್ತೊಂಬತ್ತು ಮನೆಯ ಮುಖಗಳೂ ಒಟ್ಟಿಗೆ ಹಿಂದೆ ತಿರುಗಿದವು. ಕನ್ನಮ್ಮನ ಮುಖವೂ ತಿರುಗಿತು. ಬೀಜ ಹಿಡಿದ ಅವಳ ಕೈ ಅರ್ಧಕ್ಕೆ ಇಳಿದಿತ್ತು. ಹುಲಿಯಮ್ಮನ ನಾಲಿಗೆಯ ತುದಿಯಲ್ಲಿ 'ಮಕ್ಕಿ' ಎಂಬ ಮಾತು ಬಂದು ಕೂತಿತ್ತು. ತಾನಾಗಿದ್ದರೆ ಮಕ್ಕಿಯೇ. ಅದರಲ್ಲಿ ಅನುಮಾನವಿರಲಿಲ್ಲ. ಒಂದು ಮಾತು ಆಡಿದರೆ ಸಾಕು, ಬುಟ್ಟಿ ಕನ್ನಮ್ಮನ ಕೈಯಲ್ಲಿದ್ದರೂ ಮತ್ತೆ ತನ್ನದೇ ಆಗುತ್ತದೆ.

ಅವಳು ಗೊರಬನ್ನು ತಲೆಗೇರಿಸಿಕೊಂಡಳು.

"ಅಕ್ಕಾ, ಒಂದು ಮಾತು ಹೇಳಿ ಹೋಗೇ," ಎಂದಳು ಬೆಳ್ಳಮ್ಮ. "ನೀನು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ..."

"ಹುಲಿಯಮ್ಮನೋರೆ," ಮೇಷ್ಟ್ರು ಬೇಲಿಯಾಚೆಯಿಂದ ನಗುತ್ತ ಕೂಗಿದರು, "ನೀವು ಆವತ್ತು ಕೇಳಿದ್ರಲ್ಲ, ಅವನ ಕಣ್ಣು ಚೆನ್ನಾಗಿ ಕಾಣ್ತಿತ್ತಾ ಅಂತ, ಅದಕ್ಕೂ ಉತ್ತರ ಸಿಕ್ತು. ದೊಡ್ಡ ಸಭೆಯ ಮುಂದೆ ಅವನು ಜೇಬಿನಿಂದ ಕನ್ನಡಕ ತೆಗೆದು, ನನ್ನ ಕಣ್ಣೂ ಮಂಜಾಗ್ತಿದೆ ಅಂತ..."

ಹುಲಿಯಮ್ಮ ಆಗಲೇ ಅಂಗಳ ದಾಟಿ, ಹೊಳೆಸಾಲಿಗೆ ಇಳಿಯುವ ಕಾಲುದಾರಿ ಹಿಡಿದಿದ್ದಳು.